ಅತ್ತೆಯ ಕೈಗೆ ಉಂಡಿಯ ಡಬ್ಬಿ: ಬಸುರಿಯರ ತೂಕ ಏರಿಸಿದ ನನ್ನ ಅನುಭವ

ಬಸುರಿ ಸೊಸೆಗೆಂದು ಮಾಡಿದ ಶೇಂಗಾ ಉಂಡಿಯ ಡಬ್ಬಿಯನ್ನು ಅತ್ತೆಯ ಕೈಗೇ ಒಪ್ಪಿಸುತ್ತೇನೆಂದು ನಾನು ಹೇಳಿದಾಗ, ನಮ್ಮ ವೃತ್ತದ ಅಂಗನವಾಡಿ ಕಾರ್ಯಕರ್ತೆಯರ ಸಭೆಯಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಉಂಡಿಯನ್ನು ಅತ್ತೆಯೇ ತಿಂದು ಮುಗಿಸುತ್ತಾಳೆ, ಇಲ್ಲವೇ ಮೊಮ್ಮಕ್ಕಳಿಗೆ ಹಂಚುತ್ತಾಳೆ ಎಂಬುದು ಎಲ್ಲರ ಮಾತಾಗಿತ್ತು. ಈಗ ಅದೇ ಕಾರ್ಯಕರ್ತೆಯರು ಅಳತೆ ಕೇಳಿಕೊಂಡು ಬರುತ್ತಿರುವುದರಿಂದ, ಕುಷ್ಟಗಿ ತಾಲ್ಲೂಕಿನ ನಮ್ಮ ಅಂಗನವಾಡಿಯಲ್ಲಿ ನಾನು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ ಆರಂಭವಾದ ಮೇಲೆ ನಮ್ಮಲ್ಲಿಯೂ ಗರ್ಭಿಣಿಯರು ಮಧ್ಯಾಹ್ನದ ಊಟಕ್ಕೆ ಬರತೊಡಗಿದರು. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಚಿಕ್ಕಿ ಎಲ್ಲವನ್ನೂ ನನ್ನ ಕಣ್ಣೆದುರಿಗೇ ಉಣ್ಣುತ್ತಿದ್ದರು. ಆದರೂ ತಾಯಿ ಕಾರ್ಡಿನಲ್ಲಿ ತೂಕದ ಏರಿಕೆ ತಿಂಗಳಿಗೆ ಒಂದು ಕೆ.ಜಿ.ಯನ್ನೂ ದಾಟುತ್ತಿರಲಿಲ್ಲ. ಕಾರಣ ಗೊತ್ತಾದದ್ದು ಸಂಜೆಯ ಹೊತ್ತು ಮನೆ ಮನೆಗೆ ಹೋಗಿ ಕುಳಿತಾಗ. ಅಂಗನವಾಡಿಯಲ್ಲಿ ಮೊಟ್ಟೆ ತಿಂದು ಬಂದಿದ್ದಾಳೆಂದು ರಾತ್ರಿಯ ರೊಟ್ಟಿಯಲ್ಲಿ ಒಂದು ಕಡಿಮೆಯಾಗುತ್ತಿತ್ತು. ಎಲ್ಲರ ಊಟವಾದ ಮೇಲೆ ಕೂರುವ ಸೊಸೆಗೆ ಬೇಳೆಯೂ ತಳದ್ದೇ ಸಿಗುತ್ತಿತ್ತು. ನಾವು ಕೊಟ್ಟದ್ದು ಹೆಚ್ಚುವರಿ ಊಟವಾಗದೆ ಮನೆಯ ಊಟಕ್ಕೆ ಬದಲಿಯಾಗಿತ್ತು. 2020ರಲ್ಲಿ ಕೊರೊನಾದಿಂದಾಗಿ ಸಾಮಗ್ರಿಯನ್ನು ಮನೆಗೇ ಕೊಡಬೇಕಾಗಿ ಬಂದಾಗ, ಒಬ್ಬಳ ಪಾಲು ಆರೇಳು ಜನರ ಗಡಿಗೆಗೆ ಬಿದ್ದು ತೂಕ ಇನ್ನೂ ಹಿಂದೆ ಬಿತ್ತು.

ನಮ್ಮ ಕಡೆಯ ಹೆಣ್ಣುಮಕ್ಕಳು ಐದಡಿ ಎತ್ತರಕ್ಕೆ 41–42 ಕೆ.ಜಿ. ಇರುವಾಗಲೇ ಬಸುರಾಗುತ್ತಾರೆ. ಅಷ್ಟು ಸಣ್ಣಗಿರುವವರಿಗೆ ಒಂಬತ್ತು ತಿಂಗಳಲ್ಲಿ 12 ಕೆ.ಜಿ.ಯಾದರೂ ಏರಬೇಕು; ನಮ್ಮಲ್ಲಿ ಆರೋ ಏಳೋ ಕೆ.ಜಿ.ಗೆ ನಿಂತುಬಿಡುತ್ತಿತ್ತು. ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಅತ್ತೆಯರ ಭಯದ ಮುಂದೆ ನನ್ನ ಭಾಷಣಗಳಾಗಲಿ, ಗೋಡೆಯ ಚಿತ್ರಪಟಗಳಾಗಲಿ ಏನೂ ಮಾಡಲಿಲ್ಲ. ವಾರಕ್ಕಾಗುವಷ್ಟು ಉಂಡಿಯನ್ನು ಸೊಸೆಯ ಕೈಗೆ ಕೊಟ್ಟು ನೋಡಿದೆ. ಎರಡೇ ದಿನಕ್ಕೆ ಡಬ್ಬಿ ಖಾಲಿಯಾಗಿ, ಮಕ್ಕಳ ಬಾಯಲ್ಲಿ ಬೆಲ್ಲ ಕಾಣಿಸುತ್ತಿತ್ತು. ಮೆಡಿಕಲ್ ಅಂಗಡಿಯಿಂದ ಐನೂರು ಆರುನೂರು ರೂಪಾಯಿಯ ಪ್ರೋಟೀನ್ ಪುಡಿ ತಂದ ಮನೆಗಳೂ ಇದ್ದವು, ಆದರೆ ಡಬ್ಬಿ ತೀರಿದ ಮೇಲೆ ಎರಡನೆಯದನ್ನು ತಂದವರು ಕಡಿಮೆ.

ಉಂಡಿಯ ಲೆಕ್ಕ ಹೀಗಿದೆ. ಒಬ್ಬಳಿಗೆ ದಿನಕ್ಕೆ 40 ಗ್ರಾಂ ಶೇಂಗಾ, 15 ಗ್ರಾಂ ಪುಟಾಣಿ (ಹುರಿಗಡಲೆ), 20 ಗ್ರಾಂ ಬೆಲ್ಲ ಸೇರಿಸಿ ಎರಡು ಉಂಡಿ ಕಟ್ಟುತ್ತೇನೆ. ಇದರಲ್ಲಿ ಹೆಚ್ಚುಕಡಿಮೆ 350 ಕ್ಯಾಲೊರಿ ಇದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯವರು ಗರ್ಭಿಣಿಗೆ ಹೆಚ್ಚಾಗಿ ಬೇಕೆಂದು ಹೇಳುವುದೂ ಅಷ್ಟನ್ನೇ. ಹದಿಮೂರು ಗ್ರಾಂನಷ್ಟು ಪ್ರೋಟೀನೂ ಸಿಗುವುದರಿಂದ, ಅಂಗನವಾಡಿಯ ಮೊಟ್ಟೆ ಮತ್ತು ಹಾಲು ಜೊತೆಗೆ ಸೇರಿದರೆ ಕೊನೆಯ ತಿಂಗಳುಗಳಿಗೆ ಬೇಕಾದ 22 ಗ್ರಾಂ ಹೆಚ್ಚುವರಿ ತುಂಬುತ್ತದೆ. ಶೇಂಗಾವನ್ನು ಸಣ್ಣ ಉರಿಯಲ್ಲಿ ಸಿಪ್ಪೆ ಬಿಡುವವರೆಗೆ ಹುರಿದು, ಆರಿದ ಮೇಲೆ ತಿಕ್ಕಿ, ಮೊರದಲ್ಲಿ ಕೇರಿ, ಎಣ್ಣೆ ಬಿಡುವ ಮುನ್ನವೇ ಕುಟ್ಟುವುದನ್ನು ನಿಲ್ಲಿಸಬೇಕು. ವಾಕರಿಕೆ ಇರುವವರೂ ಬೇಡವೆನ್ನದಂತೆ ಇದಕ್ಕೆ ನಾನು ಚಿಟಿಕೆಯಷ್ಟು ಬೆರೆಸುವ ಇನ್ನೊಂದು ಸಾಮಾನಿದೆ. ಅದು ಎಲ್ಲರ ಅಡುಗೆಮನೆಯಲ್ಲಿ ಇರುವಂಥದ್ದೇ. ಹೆಸರನ್ನು ಮಾತ್ರ ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಅತ್ತೆ ತಿನ್ನುತ್ತಾಳೆಂಬ ಆಕ್ಷೇಪಕ್ಕೆ ನಾನು ಕಂಡುಕೊಂಡ ಉತ್ತರ ಸರಳವಾಗಿತ್ತು: ಅತ್ತೆಗೂ ದಿನಕ್ಕೊಂದು ಉಂಡಿಯನ್ನು ಲೆಕ್ಕದಲ್ಲೇ ಸೇರಿಸಿದೆ. ತಿಂಗಳಿಗೆ ಸೊಸೆಗೆ ಅರವತ್ತು, ಅತ್ತೆಗೆ ಮೂವತ್ತು. ತನಗೂ ಪಾಲಿದೆ, ಹಂಚುವ ಅಧಿಕಾರವೂ ತನ್ನದೇ ಎಂದು ಗೊತ್ತಾದ ಮೇಲೆ ಡಬ್ಬಿ ಗೋಡೆಯ ಎತ್ತರದ ಗೂಡಿಗೆ ಹೋಯಿತು, ಮಕ್ಕಳ ಕೈಗೆ ಸಿಗುವುದು ತಪ್ಪಿತು. ಸಂಜೆ ಐದಕ್ಕೆ ಒಂದು, ಮಲಗುವಾಗ ಒಂದು ಎಂದು ಅತ್ತೆಯೇ ಕರೆದು ಕೊಡತೊಡಗಿದಳು. ಜೊತೆಗೆ, ತೂಕದ ದಿನ ಅತ್ತೆ ಬರಲೇಬೇಕೆಂದು ನಿಯಮ ಮಾಡಿ, ಕಾರ್ಡಿನಲ್ಲಿ ಅಂಕಿ ಬರೆಯುವ ಮುನ್ನ ಅವಳಿಗೇ ಯಂತ್ರವನ್ನು ತೋರಿಸುತ್ತೇನೆ. ತನ್ನ ಸೊಸೆ ಪಕ್ಕದ ಮನೆಯವಳಿಗಿಂತ ಅರ್ಧ ಕೆ.ಜಿ. ಹಿಂದಿದ್ದಾಳೆಂದರೆ ಯಾವ ಅತ್ತೆಯೂ ಸುಮ್ಮನಿರುವುದಿಲ್ಲ.

ತೂಕ ಮಾಡುವುದರಲ್ಲಿ ಬಿಗಿ ಇಲ್ಲದಿದ್ದರೆ ಈ ಕ್ರಮ ನಿಲ್ಲುವುದಿಲ್ಲ. ಯಂತ್ರವನ್ನು ಯಾವಾಗಲೂ ಒಂದೇ ಕಲ್ಲುಹಾಸಿನ ಮೇಲಿಟ್ಟು, ಊಟಕ್ಕೆ ಮೊದಲು, ಚಪ್ಪಲಿ ಬಿಡಿಸಿ, ಸೊಂಟದ ಎಲೆಅಡಿಕೆ ಚೀಲವನ್ನೂ ತೆಗೆಸುತ್ತೇನೆ. ಇಳಕಲ್ ಸೀರೆ ಉಟ್ಟು ಬಂದ ತಿಂಗಳಿಗೂ ನೈಟಿಯಲ್ಲಿ ಬಂದ ತಿಂಗಳಿಗೂ ಅರ್ಧ ಕೆ.ಜಿ. ಅಂತರ ಬರುತ್ತದೆ; ನಾವು ಹುಡುಕುವುದು ವಾರಕ್ಕೆ ನಾನೂರು ಗ್ರಾಂ ಆಸುಪಾಸಿನ ಏರಿಕೆಯಾದ್ದರಿಂದ ಅಷ್ಟು ವ್ಯತ್ಯಾಸವನ್ನು ಬಿಡಲಾಗದು.

ಹಣದ ವಿಷಯದಲ್ಲಿ ನಾನು ಸಾಕಷ್ಟು ಒದ್ದಾಡಿದ್ದೇನೆ. ಮೊದಲು ಅಂಗಡಿಯಿಂದ ಕಿಲೋಗೆ 130ರಂತೆ ಶೇಂಗಾ ತರುತ್ತಿದ್ದಾಗ ಉಂಡಿಗೆ ನಾಲ್ಕು ರೂಪಾಯಿ ಬೀಳುತ್ತಿತ್ತು, ಕೆಲವು ತಿಂಗಳು ನನ್ನ ಗೌರವಧನದಿಂದಲೇ ಕೊಟ್ಟೆ. ಆಮೇಲೆ ಸ್ತ್ರೀಶಕ್ತಿ ಸಂಘದವರು ಸುಗ್ಗಿಯಲ್ಲಿ ಕಾಯಿಯನ್ನೇ ಚೀಲದ ಲೆಕ್ಕದಲ್ಲಿ ಕೊಂಡು ಸುಲಿದಾಗ ಮೂರು ರೂಪಾಯಿ ಚಿಲ್ಲರೆಗೆ ಇಳಿಯಿತು. ಈಗ ಮನೆಯವರು ತಿಂಗಳಿಗೆ ಇನ್ನೂರು ಕೊಡುತ್ತಾರೆ. ಉಳಿದ ನೂರನ್ನು ಸಂಘವು ಶೇಂಗಾ ಹಿಂಡಿ (ಚಟ್ನಿಪುಡಿ) ಮಾರಿದ ಲಾಭದಿಂದ ತುಂಬುತ್ತದೆ. ಒಂದು ವರ್ಷ ಅಕಾಲಿಕ ಮಳೆಗೆ ನೆನೆದ ಎರಡು ಚೀಲ ಮುಗ್ಗು ಹಿಡಿದವು. ಚೆನ್ನಾಗಿ ಹುರಿದರೆ ಗೊತ್ತಾಗುವುದಿಲ್ಲ ಎಂದು ಸಲಹೆ ಕೊಟ್ಟವರಿದ್ದರು, ಆದರೆ ಮುಗ್ಗಿನ ಶೇಂಗಾದಲ್ಲಿ ಸೇರುವ ಅಫ್ಲಾಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗದು. ಮೂರು ನಾಲ್ಕು ಸಾವಿರ ಹೋದರೂ ಸರಿಯೆಂದು ತಿಪ್ಪೆಗೆ ಸುರಿಸಿದೆವು.

ಇದರ ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ನುಗ್ಗೆಸೊಪ್ಪನ್ನು ಒಣಗಿಸಿ ಅಗಸಿ ಹಿಂಡಿಗೆ ಬೆರೆಸಿದ್ದು ಕಹಿಯಾಗಿ ಯಾರೂ ಮುಟ್ಟಲಿಲ್ಲ. ಪುಂಡಿಪಲ್ಯವನ್ನು ಸ್ಟೀಲ್ ಪಾತ್ರೆ ಬಿಟ್ಟು ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದ್ದು ಮಾತ್ರ ನಿಂತಿತು. ಹುಳಿ ಅಡುಗೆಗೆ ಕಬ್ಬಿಣಾಂಶ ಚೆನ್ನಾಗಿ ಬಿಡುತ್ತದೆ. ಕಬ್ಬಿಣದ ಮಾತ್ರೆಯಿಂದ ಹೊಟ್ಟೆ ತೊಳೆಸುತ್ತದೆ ಎಂದವರಿಗೆ ಅದನ್ನು ರಾತ್ರಿ ಊಟದ ನಂತರಕ್ಕೆ ಬದಲಿಸಿ, ಕ್ಯಾಲ್ಸಿಯಂ ಮಾತ್ರೆ ಮತ್ತು ಚಹಾ ಅದರ ಹತ್ತಿರ ಸುಳಿಯದಂತೆ ನೋಡಿಕೊಂಡೆ. ರಕ್ತದ ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿದ್ದವರನ್ನು ಊಟ ಮಾತ್ರೆಗಳ ಭರವಸೆಯಲ್ಲಿ ಊರಲ್ಲಿ ಇಟ್ಟುಕೊಳ್ಳದೆ ಕೂಡಲೇ ಆಸ್ಪತ್ರೆಗೆ ಕಳಿಸುತ್ತೇನೆ.

ಈ ಉಂಡಿ ಎಲ್ಲರಿಗೂ ಅಲ್ಲ. ಮೊದಲೇ ದಪ್ಪಗಿರುವವರಿಗೆ ಏಳರಿಂದ ಹನ್ನೊಂದು ಕೆ.ಜಿ. ಏರಿಕೆ ಸಾಕು, ಅವರಿಗೂ, ಗ್ಲೂಕೋಸ್ ಪರೀಕ್ಷೆಯಲ್ಲಿ ಸಕ್ಕರೆ ಹೆಚ್ಚು ಬಂದವರಿಗೂ ಬೆಲ್ಲ ಕೊಡದೆ ಮೊಳಕೆ ಹೆಸರುಕಾಳು ಕೊಡುತ್ತೇನೆ. ಒಂದೇ ವಾರದಲ್ಲಿ ಒಂದು ಕೆ.ಜಿ.ಗಿಂತ ಹೆಚ್ಚು ಏರಿ, ಕೈ ಮುಖ ಬಾತುಕೊಂಡಿದ್ದರೆ ಅದು ಉಂಡಿಯ ಫಲವೆಂದು ಹಿಗ್ಗದೆ, ಅದೇ ದಿನ ರಕ್ತದೊತ್ತಡ ಪರೀಕ್ಷೆ ಮಾಡಿಸಬೇಕು.

ಈಗ ನಮ್ಮಲ್ಲಿ ಹೆಚ್ಚಿನವರು ಹತ್ತು ಕೆ.ಜಿ. ಮುಟ್ಟುತ್ತಾರೆ, ಕೆಲವರು ಹನ್ನೆರಡನ್ನೂ ದಾಟಿದ್ದಾರೆ. ಮೊದಲು ನಾಲ್ಕರಲ್ಲಿ ಒಂದು ಕೂಸು ಎರಡೂವರೆ ಕೆ.ಜಿ.ಗಿಂತ ಕಡಿಮೆ ಹುಟ್ಟುತ್ತಿತ್ತು. ಕಳೆದ ವರ್ಷ ಇಪ್ಪತ್ತು ಚಿಲ್ಲರೆ ಹೆರಿಗೆಗಳಲ್ಲಿ ಅಂಥವು ಒಂದೋ ಎರಡೋ. ನಮ್ಮ ವೃತ್ತದಲ್ಲಿ ಬೇರೆ ಯಾವ ಕೇಂದ್ರದಲ್ಲೂ ಈ ಫಲ ಬಂದಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ. ಲೆಕ್ಕ ತಪ್ಪುವುದು ಚೊಚ್ಚಲ ಬಸುರಿಯರಲ್ಲಿ, ಏಕೆಂದರೆ ಏಳನೆಯ ತಿಂಗಳಿಗೆ ಕುಬಸ (ಸೀಮಂತ) ಮುಗಿದೊಡನೆ ಅವರು ತವರಿಗೆ ಹೊರಡುತ್ತಾರೆ. ಅವರ ಸಾಮಾನಿನಲ್ಲಿ ತಾಯಿ ಕಾರ್ಡಿನ ಜೊತೆಗೆ ತಿಂಗಳ ಡಬ್ಬಿಯನ್ನೂ ಇಟ್ಟು, ಆ ಊರಿನ ಕಾರ್ಯಕರ್ತೆಗೆ ಫೋನ್ ಮಾಡಿ, ಡಬ್ಬಿ ಈಗ ಹುಡುಗಿಯ ತಾಯಿಯ ಕೈಯಲ್ಲಿರಲಿ ಎಂದು ಹೇಳುತ್ತೇನೆ.