ಬಡ್ಡಿ ಲೆಕ್ಕಕ್ಕೆ ಹನ್ನೆರಡು ಹುಣಸೆ ಬೀಜ

ಬಳ್ಳಾರಿಯ ನಮ್ಮ ಓಣಿಯಲ್ಲಿ ಹೆಂಗಸರು ಮನೆಯಲ್ಲೇ ಕೂತು ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುತ್ತಾರೆ. ಪೀಸಿಗೆ ಇಷ್ಟು ಅಂತ ಕೂಲಿ. ನಾನು ಅವರ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳು. ಪೀಸ್ ಲೆಕ್ಕದಲ್ಲಿ ಇವರಿಗೆ ಯಾರೂ ಟೋಪಿ ಹಾಕೋಕೆ ಆಗಲ್ಲ. ಒಂದು ಪ್ಯಾಂಟ್ ಕಡಿಮೆ ಬರೆದರೂ ಗಂಟು ತಂದವರನ್ನು ಅಲ್ಲೇ ನಿಲ್ಲಿಸಿ ಕೇಳುತ್ತಾರೆ. ಅದೇ ಹೆಂಗಸರು ಫೈನಾನ್ಸ್‌ನವರು ತೋರಿಸಿದ ಕಡೆಯೆಲ್ಲ ಸುಮ್ನೆ ಸಹಿ ಹಾಕುತ್ತಿದ್ದರು. ಲೆಕ್ಕ ಅವರಿಗೆ ಚೆನ್ನಾಗೇ ಬರುತ್ತೆ. ಆ ಕಾಗದದ ಲೆಕ್ಕವನ್ನು ಅವರ ಮಾತಿಗೆ ಇಳಿಸುವವರು ಇರಲಿಲ್ಲ, ಅಷ್ಟೇ.

ನಮ್ಮಲ್ಲಿ ಬಡ್ಡಿ ಅಂದರೆ ನೂರಕ್ಕೆ ತಿಂಗಳಿಗೆ ಎಷ್ಟು ಅಂತ. ಎರಡು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ 24 ಪರ್ಸೆಂಟ್, ಐದು ರೂಪಾಯಿ ಬಡ್ಡಿ ಅಂದರೆ 60. ಹಾಗಾಗಿ ಯಾರಾದರೂ ಬಂದು "12 ಪರ್ಸೆಂಟ್ ಫ್ಲಾಟ್" ಅಂದರೆ, ಒಂದು ರೂಪಾಯಿ ಬಡ್ಡಿ ತಾನೇ, ಅಗ್ಗ ಅಂದುಕೊಳ್ಳುತ್ತಾರೆ.

ನಾನು ಶುರು ಮಾಡಿದ್ದು ಇಲ್ಲಿಂದ. 24,000 ರೂಪಾಯಿ ಸಾಲ, ಒಂದು ವರ್ಷದಲ್ಲಿ ತೀರಿಸಬೇಕು ಅಂತ ಇಟ್ಕೊಳ್ಳಿ. ಫ್ಲಾಟ್ ಅಂದರೆ ಅಸಲು ತೀರುತ್ತಾ ಬಂದರೂ ಮೊದಲ ಪೂರ್ತಿ ಸಾಲಕ್ಕೇ ಬಡ್ಡಿ. ಆ ಲೆಕ್ಕಕ್ಕೆ ವರ್ಷದ ಬಡ್ಡಿ 2,880. ತಿಂಗಳ ಕಂತು 2,240. ಅದರಲ್ಲಿ ಅಸಲು 2,000, ಬಡ್ಡಿ 240. ನೆಲದ ಮೇಲೆ ಹನ್ನೆರಡು ಹುಣಸೆ ಬೀಜ ಸಾಲಾಗಿ ಇಟ್ಟೆ. ಒಂದು ಬೀಜಕ್ಕೆ ಎರಡು ಸಾವಿರ ಅಸಲು. ತಿಂಗಳಿಗೊಂದು ಬೀಜ ತೆಗೆಯುತ್ತಾ, "ಈ ತಿಂಗಳು ಬಡ್ಡಿ ಎಷ್ಟು?" ಅಂತ ಕೇಳುತ್ತಾ ಹೋದೆ. 240. ಮತ್ತೆ 240. ಅರ್ಧ ಬೀಜ ಖಾಲಿಯಾದರೂ 240. ಕೊನೆಗೆ ಒಂದೇ ಬೀಜ ಉಳಿಯಿತು.

"ಎರಡು ಸಾವಿರಕ್ಕೆ ಇನ್ನೂರ ನಲವತ್ತಾ? ಅಂದ್ರೆ ನೂರಕ್ಕೆ ಹನ್ನೆರಡು ರೂಪಾಯಿ ಆತಲ್ಲಮ್ಮಾ!" ಅಂದರು ಒಬ್ಬ ಅಕ್ಕ.

ಹೌದು, ಆ ಕೊನೆ ತಿಂಗಳ ಮಟ್ಟಿಗೆ ಅದು ಹನ್ನೆರಡು ರೂಪಾಯಿ ಬಡ್ಡಿಯೇ. ಇಡೀ ವರ್ಷಕ್ಕೆ ಹಂಚಿ ನೋಡಿದರೆ ನೂರಕ್ಕೆ ಒಂದು ರೂಪಾಯಿ ಎಂಬತ್ತೈದು ಪೈಸೆ ಹತ್ತಿರ, ಅಂದರೆ ವರ್ಷಕ್ಕೆ 22 ಪರ್ಸೆಂಟ್. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಕಡೆ ಅದೇ 12 ಪರ್ಸೆಂಟಿಗೆ ವರ್ಷದ ಬಡ್ಡಿ 1,600 ಕೂಡ ದಾಟಲ್ಲ. ಈಗ ಸಾಲ ತಗೊಳ್ಳುವ ಮೊದಲು "ಉಳಿದ ಅಸಲಿಗೆ ಬಡ್ಡಿನೋ, ಪೂರ್ತಿ ಸಾಲಕ್ಕೋ?" ಅಂತ ಕೇಳುತ್ತಾರೆ.

ಮೈಕ್ರೋಫೈನಾನ್ಸ್ ಸಾಲಕ್ಕೆ ರಿಸರ್ವ್ ಬ್ಯಾಂಕ್ 2022ರಲ್ಲಿ ಮಾಡಿದ ನಿಯಮಗಳನ್ನು ಸಂಘದ ಪುಸ್ತಕದ ರಟ್ಟಿಗೆ ಅಂಟಿಸಿದ್ದೇನೆ. ಸಾಲ ಪಡೆದವರಿಗೆ ಅರ್ಥವಾಗುವ ಭಾಷೆಯಲ್ಲಿ ಲೋನ್ ಕಾರ್ಡ್ ಕೊಡಬೇಕು. ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಫೋನ್ ಮಾಡುವಂತಿಲ್ಲ.

ಪಾಸ್‌ಬುಕ್ ಓದುವುದು ಇದಕ್ಕಿಂತ ಸುಲಭ. ಆದರೆ ಗೃಹಲಕ್ಷ್ಮಿಯ 2,000 ಯಾವ ಖಾತೆಗೆ ಬೀಳುತ್ತೆ ಅನ್ನೋದೇ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಎರಡು ಮೂರು ಖಾತೆ ಇದ್ದರೆ, ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಯನ್ನು ಮೊದಲು ನೋಡಿ. ಒಬ್ಬರ ಪಾಸ್‌ಬುಕ್ಕಿನಲ್ಲಿ 436 ಮತ್ತು 20 ರೂಪಾಯಿ ಕಡಿತವಾಗಿತ್ತು. ಬ್ಯಾಂಕಿನವರು ತಿಂದರು ಅಂತ ಅವರ ಸಿಟ್ಟು. ಅದು ಜೀವನ್ ಜ್ಯೋತಿ ಮತ್ತು ಸುರಕ್ಷಾ ವಿಮೆಯ ವರ್ಷದ ಕಂತು. ಜೀವನ್ ಜ್ಯೋತಿಯಲ್ಲಿ ಸಾವು ಹೇಗೇ ಬಂದರೂ ಎರಡು ಲಕ್ಷ, ಸುರಕ್ಷಾದಲ್ಲಿ ಅಪಘಾತದ ಸಾವಿಗೆ ಎರಡು ಲಕ್ಷ. ಸಿಟ್ಟು ಇಳಿದ ಮೇಲೆ ನಾಮಿನಿ ಯಾರು ಅಂತ ಕೇಳಿದೆ. ತೀರಿಹೋದ ಅತ್ತೆಯ ಹೆಸರಿತ್ತು. ಮೊದಲು ಅದನ್ನು ಬದಲಿಸಿದೆವು.

ಎಟಿಎಂ ಕಾರ್ಡಿನ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಖಾತೆ ಹೆಂಡತಿಯದು, ಕಾರ್ಡ್ ಗಂಡನ ಜೇಬಲ್ಲಿ, ಪಿನ್ ಮಗನಿಗೆ ಬಾಯಿಪಾಠ. ಜಗಳ ಮಾಡಿ ಕಿತ್ತುಕೊಳ್ಳಿ ಅಂತ ನಾನು ಹೇಳಲ್ಲ. ಆ ಮನೆಯಲ್ಲಿ ಬಾಳಬೇಕಾದವರು ಅವರು, ನಾನಲ್ವಲ್ಲ. ಅಂಥವರಿಗೆ ಅಂಚೆ ಕಚೇರಿಯ ಆರ್‌ಡಿ, ಅಂದರೆ ತಿಂಗಳು ತಿಂಗಳು ಇಷ್ಟು ಅಂತ ಕಟ್ಟುವ ಉಳಿತಾಯ, ತೋರಿಸಿದೆ. ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು, ಐದು ವರ್ಷದ್ದು, ಅದಕ್ಕೆ ಎಟಿಎಂ ಕಾರ್ಡಿನ ಗೊಡವೆಯೇ ಇಲ್ಲ. ಕೆಲವರು ಆ ಪಾಸ್‌ಬುಕ್ಕನ್ನು ಸಂಘದ ಪೆಟ್ಟಿಗೆಯಲ್ಲೇ ಇಟ್ಟಿದ್ದಾರೆ. ಮನೆಯಲ್ಲಿ ಕೇಳಿದರೆ ಏನು ಹೇಳಬೇಕು ಅನ್ನೋದನ್ನ ನಾನು ಕಲಿಸಿಲ್ಲ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.