ಫೋನಲ್ಲಿ ಮೆಚ್ಚಿದ ಜೋಡಿ ಕೊಟ್ಟಿಗೆಗೆ ಬರುವವರೆಗೆ

ಜಾತ್ರೆಗೆ ಎತ್ತು ಕಟ್ಟುವ ಹುಚ್ಚು ಹಾಸನ, ಚಿಕ್ಕಮಗಳೂರು ಕಡೆಗೆ ಹೊಸದಲ್ಲ. ಬದಲಾಗಿರುವುದು ಎತ್ತು ಹುಡುಕುವ ಜಾಗ. ಮೊದಲು ಜಾತ್ರೆಯಿಂದ ಜಾತ್ರೆಗೆ ಅಲೆದು, ದಲ್ಲಾಳಿ ಜೊತೆ ಟವೆಲ್ ಒಳಗೆ ಬೆರಳು ಹಿಡಿದು ರೇಟು ಮಾತಾಡುತ್ತಿದ್ದರು. ಈಗ ರಾತ್ರಿ ಊಟ ಮುಗಿಸಿ ಫೋನ್ ತೆಗೆದರೆ ಸೊಲ್ಲಾಪುರ ಕಡೆಯ ಖಿಲಾರಿ, ತಿರುಪ್ಪೂರು ಕಡೆಯ ಕಂಗಾಯಂ, ಗುಜರಾತಿನ ಗಿರ್ ತಳಿಯ ದನ ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ಕೆಳಗೆ ನಂಬರ್ ಇರುತ್ತದೆ. ‘ಸುಳಿ ಶುದ್ಧ, ನಾಲ್ಕು ಹಲ್ಲು, ಗಾಡಿ ಕಲಿತಿವೆ, ಬೆಲೆ ಫೋನಿನಲ್ಲಿ’ ಅಂತ ಬರೆದಿರುತ್ತದೆ.

ಹುಡುಕುವುದಕ್ಕೆ ಫೋನ್ ತುಂಬಾ ಒಳ್ಳೆಯದು. ಇಪ್ಪತ್ತು ಜೋಡಿಯನ್ನು ಎರಡಕ್ಕೆ ಇಳಿಸಿಕೊಳ್ಳಲು ಅಷ್ಟು ದೂರ ಹೋಗಬೇಕಿಲ್ಲ. ಆದರೆ ಆ ಎರಡರಲ್ಲಿ ಒಂದನ್ನು ಆರಿಸುವ ಕೆಲಸ ಕಣ್ಣೆದುರೇ ಆಗಬೇಕು. ದೊಡ್ಡ ಹಣ ಕೈಬಿಡುವುದೂ ಆಗಲೇ.

ಮೊದಲು ಕ್ಯಾಲೆಂಡರ್ ತೆಗೆಯಿರಿ

ಹಾಸನ ಜಿಲ್ಲೆಯ ಬೂಕನಬೆಟ್ಟದ ದನಗಳ ಜಾತ್ರೆ ಜನವರಿ ಹೊತ್ತಿಗೆ. ಸಿದ್ಧಗಂಗೆಯದು ಶಿವರಾತ್ರಿ ಹೊತ್ತಿಗೆ. ಅಲ್ಲಿಂದ ಹಿಂದಕ್ಕೆ ಎಣಿಸಿ. ಹೊಸ ದನವನ್ನು ಒಂದು ತಿಂಗಳು ಬೇರೆ ಕಟ್ಟಬೇಕು. ಪ್ರಯಾಣದಲ್ಲಿ ಇಳಿದ ಮೈ ತುಂಬಿಕೊಳ್ಳಲು ಇನ್ನೊಂದು ತಿಂಗಳು ಬೇಕು. ಅಂದರೆ ಸಂಕ್ರಾಂತಿ ಜಾತ್ರೆಗೆ ಕಟ್ಟುವ ಜೋಡಿ ನವೆಂಬರ್ ಮೊದಲ ವಾರದೊಳಗೆ ಮನೆಯಲ್ಲಿರಬೇಕು. ಡಿಸೆಂಬರ್ ಕೊನೆಗೆ ತಂದು ಜನವರಿಗೆ ಮೆರವಣಿಗೆ ಮಾಡಿಸುತ್ತೇನೆ ಅನ್ನುವವರು ಸೊರಗಿದ ಎತ್ತಿಗೆ ಎಣ್ಣೆ ಸವರಿ ನಿಲ್ಲಿಸಬೇಕಾಗುತ್ತದೆ.

ಮಳೆಗಾಲದಲ್ಲಂತೂ ಬೇಡವೇ ಬೇಡ. ಒಣ ಸೀಮೆಯಲ್ಲಿ ಬೆಳೆದ ಖಿಲಾರಿಯನ್ನು ಜುಲೈನಲ್ಲಿ ಮೂಡಿಗೆರೆಗೋ ಸಕಲೇಶಪುರಕ್ಕೋ ತಂದರೆ ಗೊರಸಿನ ಸಂದು ಕೊಳೆಯುತ್ತದೆ, ರಕ್ತ ಹೀರುವ ಉಣ್ಣೆ ಹುಳ ಹತ್ತುತ್ತದೆ, ಮೇವೂ ಒಗ್ಗುವುದಿಲ್ಲ. ಮಲೆನಾಡಿನ ಮಳೆಗೆ ಹುಟ್ಟಿದ್ದು ನಮ್ಮ ಮಲೆನಾಡು ಗಿಡ್ಡ ತಳಿ. ಆ ಮಾತು ಬೇರೆ.

ಇನ್ನೊಂದು ವಿಷಯ. ಚೆನ್ನಾಗಿರುವ ಹೋರಿ ಕರು ಬೇಕು ಅಂದ ತಕ್ಷಣ ಐನೂರು ಕಿಲೋಮೀಟರ್ ಆಚೆಗೇ ಯಾಕೆ ನೋಡಬೇಕು? ಅಮೃತ್ ಮಹಲ್ ತಳಿ ಕೇಂದ್ರ ಅಜ್ಜಂಪುರದಲ್ಲೇ ಇದೆ. ಬೀರೂರಿನಲ್ಲಿ ಹೋರಿ ಕರುಗಳ ಹರಾಜು ನಡೆಯುತ್ತದೆ. ಅಲ್ಲಿ ಕರುವಿನ ವಂಶ ಗೊತ್ತು, ಮಾರುವುದು ಸರ್ಕಾರ, ಗಾಡಿ ಬಾಡಿಗೆಯೂ ಕಡಿಮೆ. ಹಳ್ಳಿಕಾರ್ ಬೇಕಿದ್ದರೆ ಮಂಡ್ಯ, ತುಮಕೂರು ಪಕ್ಕದಲ್ಲೇ ಇವೆ. ದೂರದ ತಳಿಯೇ ಬೇಕು ಅಂತ ಮನಸ್ಸು ಮಾಡಿದ್ದರೆ ಮುಂದೆ ಓದಿ.

ವಿಡಿಯೊ ನೋಡುವ ಬಗೆ

ಕಳಿಸಿದ ವಿಡಿಯೊ ಸಾಲದು, ವಿಡಿಯೊ ಕಾಲ್ ಮಾಡಿಸಿ. ಕದ್ದ ವಿಡಿಯೊ ಹಾಕಿ ಅಡ್ವಾನ್ಸ್ ಹೊಡೆಯುವವರು ಮೊದಲು ಜಾರಿಕೊಳ್ಳುವುದೇ ಇಲ್ಲಿ. ‘ದನ ತೋಟದಲ್ಲಿದೆ, ನೆಟ್‌ವರ್ಕ್ ಇಲ್ಲ’ ಅಂತ ಮೂರು ಸಲ ಹೇಳಿದರೆ ಆ ನಂಬರ್ ಅಳಿಸಿಬಿಡಿ.

ಕಾಲ್ ಬಂದ ಮೇಲೆ ಮೊದಲು ಕಿವಿ ಓಲೆ ತೋರಿಸಲು ಹೇಳಿ. ಹಳದಿ ಓಲೆಯ ಮೇಲೆ 12 ಅಂಕಿಯ ನಂಬರ್ ಇರುತ್ತದೆ. ಅವರು ಓದಲಿ, ನೀವು ಬರೆದುಕೊಳ್ಳಿ. ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ಆ ನಂಬರ್ ಕೊಟ್ಟು, ಸರ್ಕಾರದ ಜಾನುವಾರು ದಾಖಲೆ ‘ಭಾರತ್ ಪಶುಧನ್’ನಲ್ಲಿ ಅದಕ್ಕೆ ಏನೇನು ದಾಖಲಾಗಿದೆ ನೋಡಿಕೊಡಿ ಅಂತ ಕೇಳಿ. ತಳಿ, ವಯಸ್ಸು, ಲಸಿಕೆ ದಾಖಲಾಗಿದ್ದರೆ ಮಾರುವವರ ಮಾತಿಗೆ ತಾಳೆ ಹಾಕಬಹುದು.

ಆಮೇಲೆ ಬಾಯಿ. ‘ಅಣ್ಣಾ, ಕೆಳದುಟಿ ಸರಿಸಿ ಹಲ್ಲು ತೋರಿಸಿ’ ಅನ್ನಿ. ದನಕ್ಕೆ ಮುಂದಿನ ಹಲ್ಲು ಕೆಳದವಡೆಯಲ್ಲಿ ಮಾತ್ರ, ಒಟ್ಟು ಎಂಟು. ಹಾಲುಹಲ್ಲು ಸಣ್ಣದು, ಬೆಳ್ಳಗಿರುತ್ತದೆ. ಬಲಿತ ಹಲ್ಲು ಅಗಲ, ಸ್ವಲ್ಪ ಹಳದಿ. ನಡುವಿನ ಜೋಡಿ ಬಿದ್ದು ಹುಟ್ಟಿದ್ದರೆ ಎರಡು ಹಲ್ಲು, ಅಂದರೆ ಸುಮಾರು ಎರಡರಿಂದ ಎರಡೂವರೆ ವರ್ಷ. ನಾಲ್ಕು ಹಲ್ಲು ಅಂದರೆ ಮೂರರ ಆಸುಪಾಸು. ಆರಕ್ಕೆ ಮೂರೂವರೆ, ನಾಲ್ಕು. ಎಂಟೂ ಬಲಿತ ಹಲ್ಲು ಬಂದು ಬಾಯಿ ಕೂಡುವುದು ನಾಲ್ಕೂವರೆ, ಐದಕ್ಕೆ. ನಾಟಿ ತಳಿಗಳಲ್ಲಿ ಇದು ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಜೋಡಿಯಲ್ಲಿ ಎರಡರ ಹಲ್ಲೂ ನೋಡಿ. ಒಂದು ನಾಲ್ಕು ಹಲ್ಲು, ಇನ್ನೊಂದು ಬಾಯಿ ಕೂಡಿದ್ದರೆ ಈ ವರ್ಷ ಸಮ ಕಾಣುವ ಜೋಡಿ ಮುಂದಿನ ವರ್ಷ ಏರುಪೇರಾಗುತ್ತದೆ. ಚಿಕ್ಕದು ಇನ್ನೂ ಬೆಳೆಯುತ್ತದೆ, ದೊಡ್ಡದು ನಿಂತಿರುತ್ತದೆ.

ಎತ್ತರದ ವಿಷಯದಲ್ಲಿ ಕ್ಯಾಮೆರಾ ನಂಬಬೇಡಿ. ವಿಡಿಯೊ ಮಾಡುವ ಹುಡುಗ ಕುಕ್ಕರಗಾಲಲ್ಲಿ ಕೂತು ಫೋನನ್ನು ಮೊಣಕಾಲಿನ ಮಟ್ಟಕ್ಕೆ ಹಿಡಿದರೆ ಸಾಧಾರಣ ಎತ್ತೂ ಆಕಾಶಕ್ಕೆ ಹೋಗಿ ನಿಲ್ಲುತ್ತದೆ. ಎತ್ತನ್ನು ದಿಬ್ಬದ ಮೇಲೆ ನಿಲ್ಲಿಸಿ, ಹಿಡಿದವನನ್ನು ತಗ್ಗಿನಲ್ಲಿ ನಿಲ್ಲಿಸುವುದೂ ಉಂಟು. ಅದಕ್ಕೇ ಟೇಪು ಹಿಡಿಸಿ. ಸಮತಟ್ಟಾದ ನೆಲ, ಡುಬ್ಬದ ಹಿಂದೆ ನೆಲದಿಂದ ಬೆನ್ನಿನವರೆಗೆ ಒಂದು ಅಳತೆ. ಮುಂಗಾಲಿನ ಹಿಂದೆ ಎದೆಸುತ್ತು ಇನ್ನೊಂದು. ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ ಮತ್ತೊಂದು. ಎದೆಸುತ್ತನ್ನು ಎದೆಸುತ್ತಿನಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಅಂದಾಜು ತೂಕ ಕಿಲೋದಲ್ಲಿ ಸಿಗುತ್ತದೆ. ಅಳತೆ ಮಾತ್ರ ಇಂಚಿನಲ್ಲಿರಬೇಕು. ಎದೆಸುತ್ತು 70, ಉದ್ದ 60 ಇದ್ದರೆ 445 ಕಿಲೋ. ಈ ಲೆಕ್ಕ ಮುಂದೆ ಗಾಡಿ ಗೊತ್ತು ಮಾಡಲೂ ಬೇಕು, ಜಂತುಹುಳದ ಔಷಧಿ ಹಾಕಿಸಲೂ ಬೇಕು.

ಇಷ್ಟಾದ ಮೇಲೆ ನಡೆಸಿ ತೋರಿಸಲಿ. ಕ್ಯಾಮೆರಾ ಕಡೆಗೆ ಬರಬೇಕು, ದೂರ ಹೋಗಬೇಕು, ಸಣ್ಣ ಸುತ್ತು ತಿರುಗಬೇಕು. ಕಾಲಿನ ಕುಂಟು, ಗೊರಸಿನ ನೋವು ಗೊತ್ತಾಗುವುದು ತಿರುಗುವಾಗ. ನಿಂತ ಎತ್ತಿನ ವಿಡಿಯೊ ಎಷ್ಟೇ ಚೆಂದ ಇರಲಿ, ಅರ್ಧ ಮಾತ್ರ ಹೇಳುತ್ತದೆ. ಹಗ್ಗ ಹಿಡಿದವನನ್ನೂ ಗಮನಿಸಿ. ಅವನು ಮೂಗುದಾರಕ್ಕೆ ಹತ್ತಿರ ಬಿಗಿ ಹಿಡಿದೇ ಇದ್ದರೆ ಎತ್ತು ಹಾಯುತ್ತದೆ ಅಂತಲೇ ಲೆಕ್ಕ. ‘ಮಗುವೂ ಹಿಡಿಯುತ್ತೆ’ ಅನ್ನುವವರಿಗೆ, ಹಾಗಾದರೆ ಮನೆಯ ಬೇರೆಯವರ ಕೈಗೆ ಹಗ್ಗ ಕೊಡಿ ನೋಡೋಣ ಅನ್ನಿ.

ಸುಳಿ, ಅಂದರೆ ಮೈಮೇಲಿನ ಕೂದಲಿನ ಸುತ್ತು ನೋಡಿ ಒಳ್ಳೆಯದು ಕೆಟ್ಟದ್ದು ಹೇಳುವುದು, ನಿಮಗೆ ಬಿಟ್ಟಿದ್ದು. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಆದರೆ ನಾಳೆ ನೀವು ಮಾರಲು ಹೋದಾಗ ಕೊಳ್ಳುವವರು ನೋಡಿಯೇ ನೋಡುತ್ತಾರೆ, ಬೆಲೆಯೂ ಅದರ ಮೇಲೆ ಏರಿಳಿಯುತ್ತದೆ. ಹಾಗಾಗಿ ತಿಳಿದವರೊಬ್ಬರಿಗೆ ತೋರಿಸಿಬಿಡಿ.

ಹಸುವಾದರೆ ಒಂದೇ ಹೊತ್ತಿನ ಹಾಲು ನೋಡಿ ತೀರ್ಮಾನಿಸಬೇಡಿ. ಹಿಂದಿನ ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ಉಬ್ಬಿಸಿ ತೋರಿಸುತ್ತಾರೆ. ಸಂಜೆ, ಬೆಳಗ್ಗೆ, ಮತ್ತೆ ಸಂಜೆ ನೋಡಿದರೆ ನಿಜ ಗೊತ್ತಾಗುತ್ತದೆ.

ಹಣದ ಮಾತು

ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ನಿಯಮದ ಪ್ರಕಾರ ಅಲ್ಲಿ ಪ್ರಾಣಿ ಮಾರುವಂತೆಯೇ ಇಲ್ಲ. ಹಾಗಾಗಿ ಮೋಸ ಹೋದರೆ ಅವರ ಹತ್ತಿರ ಕೇಳಲು ದಾರಿಯೂ ಇಲ್ಲ. ಜೋಡಿ ಬೇರೆಯವರ ಪಾಲಾಗದಿರಲಿ ಅಂತ ಏನಾದರೂ ಕೊಡಲೇಬೇಕು ಅಂದರೆ, ಹೋದರೂ ಹೋಗಲಿ ಅನ್ನುವಷ್ಟು ಮಾತ್ರ ಕೊಡಿ. ‘ಮಿಲಿಟರಿಯಲ್ಲಿದ್ದೇನೆ, ಟ್ರಾನ್ಸ್‌ಫರ್ ಆಗಿದೆ, ಅರ್ಜೆಂಟ್’ ಅನ್ನುವವರನ್ನು ದೂರ ಇಡಿ. ಹಣ ವಾಪಸ್ ಹಾಕುತ್ತೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದರೆ ಒತ್ತಬೇಡಿ. ಹಣ ಬರುವುದಕ್ಕೆ ಪಿನ್ ಬೇಕಿಲ್ಲ. ಹೋದ ಮೇಲೆ ಗೊತ್ತಾದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.

ಹೋಗಿ ನೋಡಿ, ಕಾಗದ ಮಾಡಿಸಿ

ದನ ಬಲ್ಲ ಒಬ್ಬರನ್ನು ಕರೆದುಕೊಂಡು ಹೋಗಿ. ಖರ್ಚು ಅಂತ ನೋಡಬೇಡಿ, ಎತ್ತಿನ ಬೆಲೆ ಮುಂದೆ ಬಸ್ ಚಾರ್ಜು ಯಾವ ಲೆಕ್ಕ. ಹೇಳದೆ ಒಂದು ಹೊತ್ತು ಮುಂಚೆ ಹೋದರೆ ಇನ್ನೂ ಒಳ್ಳೆಯದು. ಮೇವು ತಿನ್ನುವುದು, ಮೆಲುಕು ಹಾಕುವುದು, ಸಗಣಿ ಗಟ್ಟಿ ಇದೆಯೇ ನೀರಾಗಿದೆಯೇ, ಎಲ್ಲ ಸುಮ್ನೆ ಕೂತು ನೋಡಿದರೆ ಕಾಣುತ್ತದೆ. ಹೆಗಲ ಮೇಲೆ ಕೈ ಆಡಿಸಿ. ಹಳೆಯ ನೊಗದ ಗಾಯ ಕೂದಲಡಿ ಗಡುಸಾಗಿ ಸಿಗುತ್ತದೆ.

ಮಾತು ಮುಗಿದರೆ ಒಂದು ಕರಾರು ಬರೆಸಿ. ಇಬ್ಬರ ಹೆಸರು, ವಿಳಾಸ, ಓಲೆ ನಂಬರ್, ಬಣ್ಣ, ಹಲ್ಲು, ಬೆಲೆ, ಸಾಕಲು ಕೊಂಡಿದ್ದು ಅನ್ನುವ ಮಾತು, ಇಬ್ಬರು ಸಾಕ್ಷಿಗಳ ಸಹಿ. ಮಾರುವವರ ಆಧಾರ್ ಪ್ರತಿ, ನಿಮ್ಮ ಪಹಣಿ ಪ್ರತಿ ಜೊತೆಗಿರಲಿ.

ಎರಡನೇ ಕಾಗದ ಪಶುವೈದ್ಯರದ್ದು. 1978ರ ಪ್ರಾಣಿ ಸಾಗಣೆ ನಿಯಮದ ಪ್ರಕಾರ, ದನ ಪ್ರಯಾಣಕ್ಕೆ ಯೋಗ್ಯ, ಅಂಟುರೋಗ ಇಲ್ಲ ಎಂದು ವೈದ್ಯರು ಪರೀಕ್ಷಿಸಿ ಪತ್ರ ಕೊಡಬೇಕು. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳ ಒಳಗಿನದೇ ನೋಡಿ. ಹಾಕಿಸಿಲ್ಲದಿದ್ದರೆ ಅಲ್ಲೇ ಹಾಕಿಸಿ, ಮೂರು ವಾರ ಬಿಟ್ಟು ತನ್ನಿ. ಹೊರಡುವ ದಿನ ಸೂಜಿ ಚುಚ್ಚಿಸಿ ಹತ್ತಿಸಿದರೆ ಲಸಿಕೆಯೂ ಕೆಲಸ ಮಾಡಿರುವುದಿಲ್ಲ, ದನವೂ ಬಳಲುತ್ತದೆ.

ಹೊರರಾಜ್ಯದಿಂದ ತರುವುದಾದರೆ ಅಲ್ಲಿನ ಗೋಸಂರಕ್ಷಣೆ ಕಾನೂನು ಬೇರೆ ಇರುತ್ತದೆ. ದನ ಹೊರಗೆ ಒಯ್ಯಲು ಅನುಮತಿ ಬೇಕೇ ಅಂತ ಆ ತಾಲ್ಲೂಕಿನ ಪಶುಸಂಗೋಪನಾ ಇಲಾಖೆಯಲ್ಲಿ ಮೊದಲೇ ಕೇಳಿ. ನಮ್ಮಲ್ಲಿ 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಇದೆ. ಕೃಷಿಗೆ, ಸಾಕಣೆಗೆ ನಿಯಮದಂತೆ ಸಾಗಿಸುವುದು ಅದರಡಿ ತಪ್ಪಲ್ಲ. ಆದರೆ ರಸ್ತೆಯಲ್ಲಿ ನಿಲ್ಲಿಸಿ ಕೇಳಿದಾಗ ಬಾಯಿಮಾತು ನಡೆಯುವುದಿಲ್ಲ. ಎಲ್ಲ ಕಾಗದದ ಎರಡು ಸೆಟ್ ಮಾಡಿ. ಒಂದು ಡ್ರೈವರ್ ಹತ್ತಿರ, ಒಂದು ನಿಮ್ಮ ಹತ್ತಿರ. ಪೊಲೀಸರಲ್ಲದವರು ಅಡ್ಡಹಾಕಿದರೆ ವಾದಕ್ಕೆ ಇಳಿಯದೆ 112ಕ್ಕೆ ಫೋನ್ ಮಾಡಿ.

ವಿಮೆ ಇದ್ದರೆ ದೂರದ ಸಾಗಣೆಯೂ ಅದರಲ್ಲಿ ಸೇರಿದೆಯೇ ಕೇಳಿ. ಓಲೆ ಕಿತ್ತುಹೋದರೆ ಕ್ಲೇಮ್ ಸಿಗುವುದು ಕಷ್ಟ. ಹತ್ತಿಸುವ ಮುಂಚೆ ಓಲೆ ಕಾಣುವಂತೆ ಫೋಟೊ ತೆಗೆದಿಡಿ.

ಗಾಡಿ, ಹತ್ತಿಸುವುದು, ದಾರಿ

ಗಾಡಿಯಲ್ಲಿ ಒಂದು ದನಕ್ಕೆ ಕನಿಷ್ಠ 2 ಚದರ ಮೀಟರ್ ಜಾಗ ಬೇಕು, ಅಂದರೆ ಸುಮಾರು ಇಪ್ಪತ್ತೊಂದೂವರೆ ಚದರ ಅಡಿ. ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ಹಾಕುವಂತಿಲ್ಲ. ಬೇರೆ ಸಾಮಾನು ಹೇರುವಂತಿಲ್ಲ, ನೋಡಿಕೊಳ್ಳಲು ಒಬ್ಬರು ಇರಲೇಬೇಕು. ‘ವಾಪಸ್ ಬರುವಾಗ ಈರುಳ್ಳಿ ಜೊತೆ ತಂದುಕೊಡ್ತೀನಿ, ಬಾಡಿಗೆ ಕಡಿಮೆ’ ಅನ್ನುವ ಡ್ರೈವರ್ ಬೇಡ. ದನ ತಂದು ರೂಢಿ ಇರುವವರನ್ನೇ ಹಿಡಿಯಿರಿ.

ಲಾರಿಯ ತಗಡಿನ ನೆಲದ ಮೇಲೆ ಗೊರಸು ಜಾರುತ್ತದೆ. ಬ್ರೇಕ್ ಹಾಕಿದಾಗ ಬಿದ್ದ ಎತ್ತು ಎದ್ದರೂ ಸೊಂಟ ಹಿಡಿದುಕೊಂಡಿರುತ್ತದೆ. ಕೆಳಗೆ ತೆಂಗಿನ ನಾರಿನ ಮ್ಯಾಟ್, ಅದರ ಮೇಲೆ ನಾಲ್ಕು ಬೆರಳು ಒಣ ಮರಳು, ಮೇಲೆ ಹುಲ್ಲು ಹಾಸಿ. ಗೋಣಿಚೀಲಕ್ಕೆ ಹುಲ್ಲು ತುಂಬಿ ಪಕ್ಕದ ಕಂಬಿಗೂ ಹಿಂದಿನ ಬಾಗಿಲಿಗೂ ಕಟ್ಟಿ. ಕೊಂಬು ಕಂಬಿಯಲ್ಲಿ ಸಿಕ್ಕಿ ತುದಿ ಮುರಿದರೆ ಜಾತ್ರೆಯ ಆಸೆ ಅಲ್ಲಿಗೇ ಮುಗಿಯಿತು. ಹಾಗಾಗಿ ಕೊಂಬಿಗೂ ಬಟ್ಟೆ ಸುತ್ತಿ.

ಹತ್ತಿಸಲು ರ್‍ಯಾಂಪ್ ಸಿಗದಿದ್ದರೆ ಲಾರಿಯನ್ನು ಹಿಂದಕ್ಕೆ ತಂದು ಹೊಲದ ಬದುವಿಗೋ ರಸ್ತೆ ಪಕ್ಕದ ದಿಬ್ಬಕ್ಕೋ ಒತ್ತಿ ನಿಲ್ಲಿಸಿ. ಸಂದಿಗೆ ಹಲಗೆ ಹಾಕಿ. ಸಾಧು ಇರುವುದನ್ನು ಮೊದಲು ಹತ್ತಿಸಿ, ಜೊತೆಯದು ತಾನಾಗಿ ಹಿಂದೆ ಬರುತ್ತದೆ. ಬಾಲ ತಿರುಚುವುದು, ಹೊಡೆಯುವುದು ಬೇಡ. ಮುಖ ಇಂಜಿನ್ ಕಡೆಗಿರಲಿ. ಮೂಗುದಾರವನ್ನು ಕಂಬಿಗೆ ಕಟ್ಟಬೇಡಿ, ಕುತ್ತಿಗೆ ಹಗ್ಗ ಕಟ್ಟಿ. ಜೋರಾಗಿ ಎಳೆದಾಗ ಕಿತ್ತುಹೋಗುವುದು ಮೂಗು.

ಹೊರಡುವ ದಿನ ಹಿಂಡಿ, ನುಚ್ಚು ಜಾಸ್ತಿ ಹಾಕಬಾರದು. ಒಣಹುಲ್ಲು, ನೀರು ಸಾಕು. ಸೊಲ್ಲಾಪುರ ಕಡೆಯಿಂದ ವಿಜಯಪುರ, ಹೊಸಪೇಟೆ, ಚಿತ್ರದುರ್ಗ ದಾಟಿ ಕಡೂರಿಗೆ ಬರುವುದನ್ನು ಒಂದೇ ಉಸಿರಿಗೆ ಮುಗಿಸಬೇಡಿ. ಬೆಳಗಿನ ಜಾವ ಹೊರಟು, ನಾಲ್ಕೈದು ಗಂಟೆಗೊಮ್ಮೆ ನೆರಳಲ್ಲಿ ನಿಲ್ಲಿಸಿ ನೀರು ಕೊಟ್ಟು, ಮಧ್ಯೆ ಎಲ್ಲಾದರೂ ಪರಿಚಯದವರ ಕೊಟ್ಟಿಗೆಯಲ್ಲಿ ರಾತ್ರಿ ಇಳಿಸಿ ಕಟ್ಟಿ. ಇಳಿಸುವ ಜಾಗ ಮೊದಲೇ ಗೊತ್ತುಮಾಡಿರಬೇಕು. ಗಂಟೆಗೆ ನಲವತ್ತು, ಐವತ್ತು ಕಿಲೋಮೀಟರ್ ಸಾಕು. ಹಂಪು ಬಂದಾಗ ಡ್ರೈವರ್ ಪೂರ್ತಿ ನಿಧಾನ ಮಾಡಬೇಕು.

ಮಾರುವವರ ಹತ್ತಿರವೇ ನಾಲ್ಕು ಹೊರೆ ಮೇವು ಕೇಳಿ ಹಾಕಿಸಿಕೊಂಡು ಬನ್ನಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮನೆಗೆ ಬಂದ ಮೇಲೆ

ಇಳಿಸಿದ ಕೂಡಲೇ ತೊಟ್ಟಿ ತುಂಬಾ ನೀರು ಇಡಬೇಡಿ. ಸ್ವಲ್ಪ ಸ್ವಲ್ಪವಾಗಿ, ಬೆಲ್ಲ ಮತ್ತು ಚಿಟಿಕೆ ಉಪ್ಪು ಹಾಕಿದ ನೀರು ಕೊಡಿ. ಆಮೇಲೆ ಒಣಹುಲ್ಲು. ಊರಿನವರು ನೋಡಲು ಬರುತ್ತಾರೆ, ಬರಲಿ. ಆದರೆ ಅವರ ದನ ಹತ್ತಿರ ಬರದಿರಲಿ.

ನಿಮ್ಮ ಹಳೆಯ ದನಗಳಿಂದ ದೂರ ಕಟ್ಟಿ. ಬೇರೆ ಬಕೆಟ್, ಬೇರೆ ಹಗ್ಗ. ಮನೆಯ ದನಗಳ ಕೆಲಸ ಮುಗಿಸಿ ಕೊನೆಗೆ ಹೊಸದರ ಹತ್ತಿರ ಹೋಗಿ. ಕಾಲುಬಾಯಿ ಜ್ವರ ಎರಡರಿಂದ ಹದಿನಾಲ್ಕು ದಿನದಲ್ಲಿ ಕಾಣಿಸಿಕೊಳ್ಳುತ್ತದೆ. ಚರ್ಮಗಂಟು ರೋಗಕ್ಕೆ 28 ದಿನದವರೆಗೂ ಕಾಯಬೇಕು. 2022ರಲ್ಲಿ ಅದು ಹಬ್ಬಿದಾಗ ಜಾತ್ರೆ, ಸಂತೆಗಳೇ ನಿಂತದ್ದು ನೆನಪಿದೆ ಅಲ್ವಾ? ದಿನಾ ಬೆಳಗ್ಗೆ ಥರ್ಮಾಮೀಟರ್ ಇಟ್ಟು ನೋಡಿ. 101, 102 ಡಿಗ್ರಿ ಫ್ಯಾರನ್‌ಹೀಟ್ ಸಹಜ. 103 ದಾಟಿದರೆ, ಮೇವು ಬಿಟ್ಟರೆ, ಡಾಕ್ಟರ್ ಕರೆಸಿ. ಆಸ್ಪತ್ರೆ ದೂರ ಇದ್ದರೆ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಉಣ್ಣೆ ಇದ್ದರೆ ಮೊದಲ ದಿನವೇ ಔಷಧಿ ಹಾಕಿಸಿ. ಜ್ವರ ಬಂದು ಕಣ್ಣಿನ ಒಳಪದರ ಬಿಳಿಚಿಕೊಂಡರೆ ಉಣ್ಣೆಯಿಂದ ಹರಡುವ ಥೈಲೇರಿಯಾ ರೋಗಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ.

ಆ ನಾಲ್ಕು ಹೊರೆ ಮೇವು ಈಗ ಬೇಕು. ಅಲ್ಲಿ ಜೋಳದ ಕಣಿಕೆ ತಿಂದು ಬೆಳೆದ ಎತ್ತಿಗೆ ಇಲ್ಲಿ ರಾಗಿಹುಲ್ಲು ಹೊಸದು. ಮೊದಲ ದಿನ ಮುಕ್ಕಾಲು ಭಾಗ ಹಳೆಯ ಮೇವು, ಕಾಲು ಭಾಗ ಹೊಸದು. ಹೀಗೆ ವಾರ, ಹತ್ತು ದಿನದಲ್ಲಿ ಬದಲಾಯಿಸಿ. ಹುರುಳಿ ನುಚ್ಚು, ಕಡಲೆಕಾಯಿ ಹಿಂಡಿ ಕೊಡುವ ಆತುರ ಎಲ್ಲರಿಗೂ ಇರುತ್ತದೆ. ಅದೂ ನಿಧಾನವಾಗಿ ಏರಲಿ. ಒಮ್ಮೆಲೇ ಕಾಳು ತಿನ್ನಿಸಿದರೆ ಹೊಟ್ಟೆ ಉಬ್ಬರಿಸುತ್ತದೆ.

ತಿಂಗಳು ಕಳೆದ ಮೇಲೆ ದಿನಾ ಬೆಳಗ್ಗೆ ರಸ್ತೆಯಲ್ಲಿ ಜೋಡಿಯಾಗಿ ನಡೆಸಿ. ಬೈಕು, ಟ್ರ್ಯಾಕ್ಟರ್, ಜನ ರೂಢಿಯಾಗಲಿ. ಆಮೇಲೆ ಊರಿನ ತಮಟೆಯವರನ್ನು ಕರೆಸಿ ದೂರದಿಂದ ಬಾರಿಸಲು ಹೇಳಿ, ದಿನ ಕಳೆದಂತೆ ಹತ್ತಿರ ಬರಲಿ. ಬೆದರುವುದು ಯಾವುದು, ನಿಲ್ಲುವುದು ಯಾವುದು ಅಂತ ಇಲ್ಲೇ ತಿಳಿಯುತ್ತದೆ. ಬೆದರುವುದನ್ನು ಅನುಭವ ಇರುವವರ ಕೈಗೆ ಕೊಡಿ. ಮೊದಲ ಜಾತ್ರೆಯಲ್ಲಿ ಮೆರವಣಿಗೆಯ ಮುಂದಿನ ಸಾಲು ಬೇಡ, ಹಿಂದೆ ಬರಲಿ. ಲಸಿಕೆ ಪತ್ರವನ್ನೂ ನಿಮ್ಮದೇ ನೀರಿನ ಬಕೆಟನ್ನೂ ಜೊತೆಗೆ ಒಯ್ಯಿರಿ. ಪಟಾಕಿ ಹೊಡೆಯುವ ಹುಡುಗರಿಗೆ ಮಾತ್ರ ಹಿಂದಿನ ದಿನವೇ ಹೇಳಿಬಿಡಿ.