ಗೋಡೌನಿನಲ್ಲಿ ಕಾಣೆಯಾದ ನ್ಯೂಟ್ರಾನ್ ಸೋರ್ಸ್ ಹುಡುಕಿದ್ದು: ನನ್ನ ಅನುಭವ

ಠಾಣೆ-ಬೇಲಾಪುರ ರಸ್ತೆಯ ಪಕ್ಕ ಮುಚ್ಚಿಹೋದ ಒಂದು ಕಾರ್ಖಾನೆ ಇತ್ತು. ಅದರ ಗೋಡೌನ್ ಬೇರೆಯವರ ಕೈಗೆ ಹೋಗುವುದರಲ್ಲಿತ್ತು. ಹಳೇ ರಿಜಿಸ್ಟರಿನಲ್ಲಿ ಎರಡು ಮಾಯಿಶ್ಚರ್ ಗೇಜ್ ಅಂತ ಬರೆದಿತ್ತು, ಸಿಕ್ಕಿದ್ದು ಒಂದೇ. ಅಣುಶಕ್ತಿನಗರದ ಎಇಆರ್‌ಬಿಗೆ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ವಿಷಯ ತಿಳಿಸಿ ಆಗಿತ್ತು. ಇನ್ನೊಂದನ್ನು ಹುಡುಕಬೇಕು ಅಂತ ನನ್ನನ್ನು ಕರೆದರು. ನಾನು ನವಿ ಮುಂಬೈಯಲ್ಲಿದ್ದುಕೊಂಡು ರೇಡಿಯೇಶನ್ ಸುರಕ್ಷತೆಯ ಕೆಲಸ ಮಾಡುವವಳು. ಜುಲೈ ತಿಂಗಳು, ಮಳೆ ಅಂದರೆ ಮುಂಬೈ ಮಳೆ.

ಈ ಗೇಜಿನ ಕೆಲಸ ಸರಳ. ಕೋಕ್ ಕಲ್ಲಿದ್ದಲಿನಲ್ಲಿ ನೀರು ಎಷ್ಟಿದೆ ಅಂತ ಅಳೆಯುತ್ತದೆ. ಒಳಗಿರುವ ಪುಟ್ಟ ಸ್ಟೀಲ್ ಕ್ಯಾಪ್ಸೂಲಿನಲ್ಲಿ ರೇಡಿಯೇಶನ್ ಬಿಡುವ ಅಮೆರಿಸಿಯಂ-241 ಮತ್ತು ಬೆರಿಲಿಯಂ ಪುಡಿ ಕಲಸಿ ಇಟ್ಟಿರುತ್ತಾರೆ. ಈ ಕ್ಯಾಪ್ಸೂಲನ್ನೇ ನಾವು ಸೋರ್ಸ್ ಅನ್ನುವುದು. ಅಮೆರಿಸಿಯಂ ಬಿಡುವ ಆಲ್ಫಾ ಕಣ ಬೆರಿಲಿಯಂಗೆ ಬಡಿದರೆ ನ್ಯೂಟ್ರಾನ್ ಹೊರಗೆ ಬರುತ್ತದೆ. 1932ರಲ್ಲಿ ವಿಜ್ಞಾನಿ ಚಾಡ್ವಿಕ್ ನ್ಯೂಟ್ರಾನ್ ಕಂಡುಹಿಡಿದಾಗಲೂ ಇದೇ ದಾರಿ, ಅವರ ಹತ್ತಿರ ಇದ್ದದ್ದು ಅಮೆರಿಸಿಯಂ ಬದಲು ಪೊಲೋನಿಯಂ ಅಷ್ಟೇ. ರಿಜಿಸ್ಟರಿನ ಪ್ರಕಾರ ನಮ್ಮದು 100 ಮಿಲಿಕ್ಯೂರಿ (ಸೋರ್ಸಿನ ಬಲದ ಅಳತೆ). ಅಂದರೆ ಸೆಕೆಂಡಿಗೆ ಸುಮಾರು 2 ಲಕ್ಷ ನ್ಯೂಟ್ರಾನ್. ಅಮೆರಿಸಿಯಂ ಅರ್ಧಕ್ಕೆ ಇಳಿಯಲು 432 ವರ್ಷ ಬೇಕು, ಹಾಗಾಗಿ ಗೋಡೌನಿನಲ್ಲಿ ಎಷ್ಟು ವರ್ಷ ಬಿದ್ದಿದ್ದರೂ ಅದು ಹೊಸದರ ಹಾಗೇ ಇರುತ್ತದೆ.

ನನಗೆ ನಿಜವಾಗಿ ಹೆದರಿಕೆ ಇದ್ದದ್ದು ಭಂಗಾರ್‌ನವರ, ಅಂದರೆ ಗುಜರಿಯವರ ಲಾರಿಯದ್ದು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ರೇಡಿಯೇಶನ್ ಬಿಡುವ ಕೋಬಾಲ್ಟ್-60 ಬಂದು ಸೇರಿ, ಏನು ಅಂತ ಗೊತ್ತಿಲ್ಲದೆ ಬಿಚ್ಚಿದವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಅಮೆರಿಸಿಯಂ ಕ್ಯಾಪ್ಸೂಲನ್ನು ಯಾರಾದರೂ ಕೊರೆದು ಪುಡಿ ಉಸಿರಿನಲ್ಲಿ ಒಳಗೆ ಹೋದರೆ ಅದು ಮೂಳೆಯಲ್ಲಿ, ಲಿವರಿನಲ್ಲಿ ಕೂತುಬಿಡುತ್ತದೆ. ಗೋಡೌನ್ ಖಾಲಿ ಮಾಡಲು ಲಾರಿ ಬರಲು ನಾಲ್ಕು ದಿನ ಉಳಿದಿತ್ತು.

ನನಗಿಂತ ಮುಂಚೆ ಬಂದವರು ಎರಡು ದಿನ ಗಾಮಾ ಕಿರಣ ಅಳೆಯುವ ಮೀಟರ್ ಹಿಡಿದು ಓಡಾಡಿ ಏನೂ ಇಲ್ಲ ಅಂತ ಹೇಳಿದ್ದರು. ಅದರಲ್ಲಿ ಆಶ್ಚರ್ಯ ಇಲ್ಲ. ಅಮೆರಿಸಿಯಂನ ಮುಖ್ಯ ಗಾಮಾ ಬರೀ 60 ಕೆಇವಿ, ಅಂದರೆ ಶಕ್ತಿ ಕಡಿಮೆ. ಕೆಲವು ಮಿಲಿಮೀಟರ್ ಸ್ಟೀಲ್ ಇದ್ದರೆ ಅಲ್ಲೇ ನಿಂತುಹೋಗುತ್ತದೆ. ಬೆರಿಲಿಯಂ ಕಡೆಯಿಂದ 4.4 ಎಂಇವಿಯ (ಒಂದು ಎಂಇವಿ ಅಂದರೆ ಸಾವಿರ ಕೆಇವಿ) ಗಾಮಾ ಬರುತ್ತದೆ ನಿಜ, ಆದರೆ ಈ ಪ್ರಮಾಣದಲ್ಲಿ ಮೂರು ಮೀಟರ್ ದೂರ ನಿಂತರೆ ಸಾಮಾನ್ಯ ಜಿಎಂ (ಗೈಗರ್) ಮೀಟರಿಗೆ ಗೊತ್ತೇ ಆಗುವುದಿಲ್ಲ. ನ್ಯೂಟ್ರಾನ್ ಹುಡುಕಬೇಕಾದರೆ ನ್ಯೂಟ್ರಾನನ್ನೇ ಎಣಿಸಬೇಕು.

ನನ್ನ ಹತ್ತಿರ ಇದ್ದದ್ದು ಒಂದು ಹೀಲಿಯಂ-3 ಟ್ಯೂಬ್, ಸುತ್ತ ದಪ್ಪ ಬಿಳಿ ಪಾಲಿಥೀನ್ ಕವಚ. ಹೀಲಿಯಂ-3 ನಿಧಾನವಾದ ನ್ಯೂಟ್ರಾನನ್ನು ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಸೋರ್ಸಿನಿಂದ ಹೊರಡುವ ನ್ಯೂಟ್ರಾನ್ ತುಂಬಾ ಜೋರಾಗಿರುತ್ತದೆ. ಪಾಲಿಥೀನಿನ ಹೈಡ್ರೋಜನ್‌ಗೆ ಡಿಕ್ಕಿ ಹೊಡೆದು ಹೊಡೆದು ಸುಸ್ತಾದ ಮೇಲೆ ಟ್ಯೂಬಿಗೆ ಸಿಗುತ್ತದೆ. ಹಳೇ ಬೋರಾನ್ ಟ್ರೈಫ್ಲೋರೈಡ್ ಟ್ಯೂಬ್ ಆದರೂ ನಡೆಯುತ್ತಿತ್ತು, ಆದರೆ ಅದರ ಗ್ಯಾಸ್ ವಿಷ. ಒಡೆದ ಗಾಜು, ಕಬ್ಬಿಣ ತುಂಬಿದ ಜಾಗಕ್ಕೆ ಅದನ್ನು ಒಯ್ಯಲು ನನಗೆ ಮನಸ್ಸಿಲ್ಲ.

ಮೊದಲು ರಸ್ತೆಯ ಆಚೆ ಬದಿ ಛತ್ರಿ ಹಿಡಿದು ನಿಂತು ಹತ್ತು ನಿಮಿಷ ಎಣಿಸಿದೆ. 82 ಬಂತು. ಆಕಾಶದಿಂದ ಕಾಸ್ಮಿಕ್ ಕಿರಣಗಳ ಜೊತೆ ಬರುವ ನ್ಯೂಟ್ರಾನ್ ಅದು, ಎಲ್ಲ ಕಡೆ ಇರುತ್ತದೆ. ನಿಮಿಷಕ್ಕೆ ಸುಮಾರು 8. ಈ ಸಂಖ್ಯೆ ಇಲ್ಲದೆ ಗೇಟಿನ ಒಳಗೆ ಕಾಲಿಡಬಾರದು. ಇನ್ನೊಂದು ಮಾತು, 8 ಅಂದರೆ ಪ್ರತಿ ನಿಮಿಷವೂ 8 ಬರುವುದಿಲ್ಲ. ಒಮ್ಮೆ 5, ಒಮ್ಮೆ 11. ಎಣಿಕೆಯ ವರ್ಗಮೂಲದಷ್ಟು ಏರಿಳಿತ ಸಹಜ. ಹೊಸಬರು 11 ನೋಡಿದ ಕೂಡಲೇ ಆ ಕಡೆ ಓಡುತ್ತಾರೆ, ಮುಂದಿನ ನಿಮಿಷ 6 ಬಂದು ಕಂಗಾಲಾಗುತ್ತಾರೆ. ಗಾಮಾ ಹುಡುಕುವ ಹಾಗೆ ಮೀಟರ್ ಬೀಸುತ್ತಾ ನಡೆದರೆ ಇಲ್ಲಿ ಏನೂ ಸಿಗುವುದಿಲ್ಲ. ನಿಲ್ಲಬೇಕು. ಒಂದೇ ಜಾಗದಲ್ಲಿ ಮೂರು ನಿಮಿಷ, ಐದು ನಿಮಿಷ ಸುಮ್ನೆ ನಿಲ್ಲಬೇಕು.

ಗೋಡೌನ್ ಸುಮಾರು 40 ಮೀಟರ್ ಉದ್ದ. ಸೀಮೆಸುಣ್ಣದಿಂದ ನೆಲದ ಮೇಲೆ ಐದೈದು ಮೀಟರಿಗೆ ಗುರುತು ಹಾಕಿದೆ. ಜೊತೆಗೆ ಅಲ್ಲಿನ ವಾಚ್‌ಮನ್ ಕಾಕಾ, ವಿಜಯಪುರದ ಕಡೆಯವರು. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಹತ್ತಿರ ಬಂದು, "ಅಕ್ಕಾರ, ನಮ್ಮ ಕಡೀಯವರೇನ್ರಿ?" ಅಂದರು. ಆಮೇಲೆ ದಿನವಿಡೀ ಟೈಮ್ ನೋಡಿ ಹೇಳುವ ಕೆಲಸ ಅವರೇ ಮಾಡಿದರು.

ಬಾಗಿಲಲ್ಲಿ ನಿಮಿಷಕ್ಕೆ 8, 9, 8. ಮಧ್ಯಕ್ಕೆ ಬಂದಾಗ ಮೂರು ನಿಮಿಷಕ್ಕೆ 43, ಬರಬೇಕಿದ್ದದ್ದು 24ರ ಹತ್ತಿರ. ಇದು ಏರಿಳಿತ ಆಗಿರಲು ಸಾಧ್ಯವಿಲ್ಲ. ಅಲ್ಲಿ ಕನ್ವೇಯರಿನ ಹಳೇ ಕಬ್ಬಿಣದ ರೋಲರ್‌ಗಳ ದೊಡ್ಡ ರಾಶಿ ಇತ್ತು, ಆಳೆತ್ತರಕ್ಕಿಂತ ಜಾಸ್ತಿ. ಒಂದೂವರೆ ಗಂಟೆ ಅದರ ಸುತ್ತವೇ ಹೋಯಿತು. ಆಮೇಲೆ ಸಂಖ್ಯೆಗಳನ್ನು ಸಾಲಾಗಿ ಬರೆದು ನೋಡಿದೆ: ನಾಲ್ಕು ಮೀಟರ್ ದೂರದಲ್ಲಿ ನಿಮಿಷಕ್ಕೆ 10, ಎರಡು ಮೀಟರಿನಲ್ಲಿ 12, ರಾಶಿಗೆ ತಾಗಿಸಿ ಇಟ್ಟರೆ 14. ನಾಲ್ಕೂ ಬದಿಯಲ್ಲಿ ಹೆಚ್ಚುಕಡಿಮೆ ಇಷ್ಟೇ. ಸೋರ್ಸ್ ಇದ್ದಿದ್ದರೆ ದೂರ ಅರ್ಧ ಆದಾಗ ಅದರಿಂದ ಬರುವ ಎಣಿಕೆ ನಾಲ್ಕು ಪಟ್ಟು ಆಗಬೇಕಿತ್ತು ಅಲ್ವಾ? ಇಲ್ಲಿ ಹಾಗಿಲ್ಲ. ಇದು ಕಬ್ಬಿಣದ್ದೇ ಆಟ. ಕಾಸ್ಮಿಕ್ ಕಿರಣ ಕಬ್ಬಿಣ, ಸೀಸದಂಥ ಭಾರದ ಲೋಹದ ರಾಶಿಗೆ ಬಡಿದರೆ ಅದರಿಂದಲೇ ಹೊಸ ನ್ಯೂಟ್ರಾನ್ ಎಬ್ಬಿಸುತ್ತದೆ. ಹಡಗುಗಳ ಮೇಲೂ ಹೀಗೆ ಆಗುವುದರಿಂದ ಇದಕ್ಕೆ ಶಿಪ್ ಎಫೆಕ್ಟ್ ಅಂತಲೇ ಹೆಸರಿದೆ. ನನಗೆ ಇದು ಓದಿ ಗೊತ್ತಿತ್ತು, ಕೈಯಾರೆ ಎಣಿಸಿದ್ದು ಅವತ್ತೇ ಮೊದಲು.

ರಾಶಿ ದಾಟಿ ಹಿಂದಿನ ಗೋಡೆಯ ಕಡೆ ಹೋದ ಮೇಲೆ ಸಂಖ್ಯೆಯ ನಡೆಯೇ ಬೇರೆ ಆಯಿತು. ನಿಮಿಷಕ್ಕೆ 18. ಮುಂದಿನ ಗುರುತಿನಲ್ಲಿ 28. ಅದರ ಮುಂದೆ 46. ನನ್ನ ಎದೆ ಬಡಿತ ನನಗೇ ಕೇಳಿಸುತ್ತಿತ್ತು. ಇನ್ನೆರಡು ಹೆಜ್ಜೆ ಮುಂದೆ ಹೋಗಿ ಎಣಿಸಿದರೆ 21! ಮತ್ತೆ ಎಣಿಸಿದೆ, 20. ಟ್ಯೂಬ್ ಕೆಟ್ಟಿತೋ, ಕೇಬಲ್ಲಿಗೆ ನೀರು ಹೋಯಿತೋ ಅಂತ ನಾನು ಕನೆಕ್ಟರ್ ಬಿಚ್ಚುತ್ತಿದ್ದೆ. ಆಗ ಕಾಕಾ ಎದುರಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ತಟ್ಟಿ, "ಈ ಟಾಕಿ ತುಂಬಾ ನೀರ್ ಐತ್ರಿ ಅಕ್ಕಾರ, ಅಡ್ಡ ಆಗ್ತೇತೇನು?" ಅಂದರು.

ಅಡ್ಡವೇ ಆಗಿತ್ತು. ನೀರಿನಲ್ಲೂ ಹೈಡ್ರೋಜನ್ ಇದೆ, ನ್ಯೂಟ್ರಾನ್ ತಡೆಯಲು ಸೀಸಕ್ಕಿಂತ ನೀರು ಎಷ್ಟೋ ಮೇಲು. ನಾನು ಟ್ಯಾಂಕಿನ ನೆರಳಿನಲ್ಲಿ ನಿಂತಿದ್ದೆ. ಹಾಗಾದರೆ ಇಲ್ಲಿಂದ ಟ್ಯಾಂಕಿಗೆ ಗೆರೆ ಎಳೆದರೆ ಆ ಗೆರೆಯ ಮುಂದಕ್ಕೇ ಸೋರ್ಸ್ ಇರಬೇಕು! ಸುತ್ತು ಹಾಕಿ ಆಚೆ ಹೋದಾಗ 85 ಬಂತು.

ಅಲ್ಲಿಂದ ದಿಕ್ಕು ಹಿಡಿದದ್ದು ನನ್ನ ಮೈಯಿಂದಲೇ. ನಮ್ಮ ಮೈ ಬಹುಪಾಲು ನೀರು. ಡಿಟೆಕ್ಟರನ್ನು ಎದೆಗೆ ಒತ್ತಿ ಹಿಡಿದು ಒಂದು ಕಡೆ ಮುಖ ಮಾಡಿ ಎರಡು ನಿಮಿಷ, ತಿರುಗಿ ಬೆನ್ನು ಹಾಕಿ ಎರಡು ನಿಮಿಷ. ಮೂಲೆಯ ಕಡೆ ಮುಖ ಮಾಡಿದಾಗ ಜಾಸ್ತಿ, ಬೆನ್ನು ಹಾಕಿದಾಗ ಹತ್ತಿರ ಹತ್ತಿರ ಅರ್ಧ. ಗೋಡೆ, ನೆಲಕ್ಕೆ ಬಡಿದು ವಾಪಸ್ ಬರುವ ನ್ಯೂಟ್ರಾನ್ ಇರುವುದರಿಂದ ಪೂರ್ತಿ ಸೊನ್ನೆ ಆಗುವುದಿಲ್ಲ, ಆದರೆ ದಿಕ್ಕಿಗೆ ಇಷ್ಟು ಸಾಕು.

ಮೂಲೆಯಲ್ಲಿ ಹದಿನೈದು ಇಪ್ಪತ್ತು ಬ್ಯಾರೆಲ್, ಗೋಣಿಚೀಲ, ಮುರಿದ ಪ್ಯಾಲೆಟ್. ಎಲ್ಲವನ್ನೂ ಎಳೆದಾಡಲು ನನಗೆ ಇಷ್ಟವಿರಲಿಲ್ಲ. ಪಾಲಿಥೀನ್ ಕವಚ ತೆಗೆದು ಬರೀ ಟ್ಯೂಬಿನಲ್ಲಿ ಎಣಿಸಿದೆ. ನ್ಯೂಟ್ರಾನ್ ನೇರವಾಗಿ ಜೋರಾಗಿ ಬರುತ್ತಿದ್ದರೆ ಬರೀ ಟ್ಯೂಬು ತುಂಬಾ ಕಡಿಮೆ ಎಣಿಸಬೇಕು. ಇಲ್ಲಿ ಕವಚ ಇದ್ದಾಗಿನ ಅರ್ಧಕ್ಕಿಂತ ಜಾಸ್ತಿ ಬಂತು. ಟ್ಯೂಬಿಗೆ ತೆಳು ಕ್ಯಾಡ್ಮಿಯಂ ತಗಡು ಸುತ್ತಿದೆ, ಎಣಿಕೆ ಕುಸಿಯಿತು. ಕ್ಯಾಡ್ಮಿಯಂ ನಿಧಾನದ ನ್ಯೂಟ್ರಾನನ್ನು ಮಾತ್ರ ನುಂಗುತ್ತದೆ. ಅಂದರೆ ನ್ಯೂಟ್ರಾನ್ ನನ್ನ ಹತ್ತಿರ ಬರುವ ಮೊದಲೇ ಸುಸ್ತಾಗಿದೆ, ಹೈಡ್ರೋಜನ್ ತುಂಬಿದ ಯಾವುದರದೋ ಮಧ್ಯೆ ಸೋರ್ಸ್ ಕೂತಿದೆ. "ಕಾಕಾ, ಈ ಬ್ಯಾರೆಲ್‌ಗಳಲ್ಲಿ ಏನಿದೆ?" ಅಂತ ಕೇಳಿದೆ. "ಗೋಡಿ ಕಡಿ ಆರು ಗ್ರೀಸಿಂದು ತುಂಬಾವ್ರಿ, ಉಳಿದಾವೆಲ್ಲ ಖಾಲಿ."

ಗ್ರೀಸಿನಲ್ಲಿ ಹೈಡ್ರೋಜನ್ ತುಂಬಾ ಇರುತ್ತದೆ. ಆ ಗ್ರೀಸ್ ಬ್ಯಾರೆಲ್‌ಗಳ ಹಿಂದೆ, ಗೋಡೆಗೆ ಒರಗಿ, ತುಕ್ಕು ಹಿಡಿದ ಪೆಟ್ಟಿಗೆ. ಟಾರ್ಚ್ ಬಿಟ್ಟಾಗ ಮಾಸಿದ ಹಳದಿಯ ಮೇಲೆ ಮೂರೆಸಳಿನ ಗುರುತು ಕಂಡಿತು. ಕಾಕಾನನ್ನು ಬಾಗಿಲಿಗೆ ಕಳಿಸಿ, ಹಗ್ಗ ಕಟ್ಟಿ, ಉದ್ದ ಕೊಕ್ಕೆಯಿಂದ ಎಳೆದೆ. ಒಂದು ಮೀಟರ್ ದೂರದಲ್ಲಿ ಗಂಟೆಗೆ 2 ಮೈಕ್ರೊಸೀವರ್ಟ್ ಕೂಡ ಇರಲಿಲ್ಲ (ಮೈಗೆ ತಾಗುವ ರೇಡಿಯೇಶನ್ನಿನ ಅಳತೆ ಇದು, ಸಾವಿರ ಸೇರಿದರೆ ಒಂದು ಮಿಲಿಸೀವರ್ಟ್). ಹತ್ತಿಯಿಂದ ಒರೆಸಿ ಆಲ್ಫಾ ಕೌಂಟರಿನಲ್ಲಿ ನೋಡಿದೆ, ಸೋರಿಕೆ ಇಲ್ಲ. ಸೀರಿಯಲ್ ನಂಬರ್ ರಿಜಿಸ್ಟರಿಗೆ ಹೊಂದಿತು. ಸಾಗಣೆಯ ಡ್ರಮ್ಮಿಗೆ ಹಾಕಿ ಬೀಗ ಹಾಕುವಾಗ ಸಂಜೆ ಏಳು.

ಕಾಕಾ ಮಾತ್ರ ಚಹಾ ಮುಟ್ಟದೆ ಕೂತಿದ್ದರು. ಅವರ ಮಂಚ ಆ ಟ್ಯಾಂಕಿನ ಈಚೆಗೇ ಇತ್ತು. "ಅಕ್ಕಾರ, ಎರಡು ಮಳಿಗಾಲ ಇಲ್ಲೇ ಮಲಗೀನಿ. ನನಗೇನಾರ ಆಗೂದೇನ್ರಿ?"

ಟೇಪ್ ಹಿಡಿದು ಅಳೆದೆ, ಪೆಟ್ಟಿಗೆಯಿಂದ ಮಂಚಕ್ಕೆ ಐದು ಮೀಟರ್. ಅವರ ಎದುರೇ ಲೆಕ್ಕ ಹಾಕಿದೆ. ಒಂದು ಮೀಟರಿನಲ್ಲಿ 2 ಅಂತಲೇ ಹಿಡಿದರೆ ಐದು ಮೀಟರಿನಲ್ಲಿ ಅದರ 25ನೇ ಒಂದು ಪಾಲು, ಗಂಟೆಗೆ 0.08. ದಿನಕ್ಕೆ ಹತ್ತು ಗಂಟೆ, ವರ್ಷವಿಡೀ ಅಂದರೂ 0.3 ಮಿಲಿಸೀವರ್ಟ್ ಒಳಗೆ. ನೀರಿನ ಟ್ಯಾಂಕ್ ಅಡ್ಡ ಇದ್ದದ್ದರಿಂದ ನಿಜಕ್ಕೂ ಇನ್ನೂ ಕಡಿಮೆ. ಸಾರ್ವಜನಿಕರಿಗೆ ಇಟ್ಟಿರುವ ಮಿತಿಯೇ ವರ್ಷಕ್ಕೆ 1. ನಿಮ್ಮೂರಿನ ಮಣ್ಣು, ಕಲ್ಲು, ಆಕಾಶದಿಂದ ಎಲ್ಲರಿಗೂ ಬರುವುದು ಈ 0.3ಕ್ಕಿಂತ ಜಾಸ್ತಿ ಕಾಕಾ, ಅಂದೆ.

"ಬರದು ಕೊಡ್ರಿ," ಅಂದರು. ಲೆಕ್ಕವನ್ನು ಕನ್ನಡದಲ್ಲೇ ಬರೆದು, ತಾರೀಕು ಹಾಕಿ ಸಹಿ ಮಾಡಿ ಕೊಟ್ಟೆ. ಎರಡು ಸಲ ಓದಿ, ಮಡಚಿ, ಆಧಾರ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡರು. ಆಮೇಲೆ ಚಹಾ ಕುಡಿದರು.